ಮೀಸೆ ಕಟ್ಟಿಸಿದ ಟೀಚರಮ್ಮ

ಹೋದ ತಿಂಗಳು ಕೆಜಿಎಫ್ ಚಿನ್ನದ ಗಣಿಯ ಪಕ್ಕದ ಕೋರಮಂಡಲ್‌ನಲ್ಲಿ, ಗಣಿ ಕೆಲಸದವರ ಲೈನ್ ಮನೆಗಳ ತಿರುವಿನಲ್ಲಿ ಅವಳ ಫೋಟೋ ಹಾಕಿ ಒಂದು ಫ್ಲೆಕ್ಸ್ ಕಟ್ಟಿದ್ದರು. ಸುತ್ತ ಹೂಬಳ್ಳಿ, ಮೇಲೆ ಎರಡು ದೀಪ, ಕೆಳಗೆ ದಪ್ಪಕ್ಷರದಲ್ಲಿ ‘ಶಾಂತಮೂರ್ತಿ, ಸಹನೆಯ ಸಾಕಾರ’ ಎಂಬ ಬರಹ. ಓದಿದವಳೇ ನಿಂತಲ್ಲಿ ಕಿಸಕ್ಕನೆ ನಕ್ಕುಬಿಟ್ಟೆ. ಹೆಣ ಇನ್ನೂ ಮನೆಯೊಳಗಿದೆ, ಇವಳು ಬೀದಿಯಲ್ಲಿ ನಗುತ್ತಾಳಲ್ಲ ಎಂದು ಹೆಂಗಸರು ತಿರುಗಿ ನೋಡಿದರು. ನೋಡಲಿ ಬಿಡಿ. ಶಾಂತಿಯಂತೆ, ಸಹನೆಯಂತೆ! ಫ್ಲೆಕ್ಸ್ ಅಂಗಡಿಯವನ ಕಂಪ್ಯೂಟರಿನಲ್ಲಿ ಸತ್ತ ಗಂಡಸರಿಗೊಂದು ಮಾತು, ಸತ್ತ ಹೆಂಗಸರಿಗೊಂದು ಮಾತು ರೆಡಿ ಇರುತ್ತದೆ. ಇವಳಿಗೂ ಅದನ್ನೇ ಅಂಟಿಸಿದ್ದಾನೆ. ಅವಳೇನಾದರೂ ಎದ್ದು ಬಂದಿದ್ದರೆ ಮೊದಲು ಆ ಫ್ಲೆಕ್ಸ್ ಹರಿಯುತ್ತಿದ್ದಳು, ಆಮೇಲೆ ಕಟ್ಟಿದವನ ಕಪಾಳಕ್ಕೆ ಬಾರಿಸುತ್ತಿದ್ದಳು.

ಅವಳು ಅಲ್ಲಿನ ಅಂಗನವಾಡಿಯ ಟೀಚರ್. ನಾನು ಅದೇ ಅಂಗನವಾಡಿಯಲ್ಲಿ ಅಡುಗೆ ಮಾಡಿಕೊಂಡು, ಮಕ್ಕಳ ಮೂಗು ಒರೆಸಿಕೊಂಡು ಇದ್ದ ಸಹಾಯಕಿ. ಬಂಗಾರಪೇಟೆ ಪಕ್ಕದ ನಮ್ಮ ಹಳ್ಳಿಯಲ್ಲಿ ಬೆಳಿಗ್ಗೆ ಹಾಲು ಕರೆದು ಡೇರಿಗೆ ಹಾಕಿ, ಮಾರಿಕುಪ್ಪಂ ಕಡೆಯ ರೈಲು ಹತ್ತಿ ಕೋರಮಂಡಲ್‌ನಲ್ಲಿ ಇಳಿಯುತ್ತಿದ್ದೆ. ಊರಿನವರೆಲ್ಲ ಬೆಂಗಳೂರು ಗಾಡಿಗೆ ನೇತಾಡಿಕೊಂಡು ಹೋಗುವ ಹೊತ್ತಿನಲ್ಲಿ ನಾನು ಎದುರು ದಿಕ್ಕಿನ ಖಾಲಿ ಡಬ್ಬಿಯಲ್ಲಿ ಕಾಲು ಚಾಚಿ ಕೂತು ಹೋಗುತ್ತಿದ್ದೆ. ಅವಳನ್ನು ನಾನು ಅಕ್ಕ ಎನ್ನುತ್ತಿದ್ದೆ. ಅವಳು ನನ್ನ ಹೆಸರು ಹಿಡಿದು ಕರೆದದ್ದೇ ಇಲ್ಲ, ‘ಲೇ ಬಂಗಾರಪೇಟೆ’ ಎಂದೇ ಕೂಗುತ್ತಿದ್ದಳು. ಊರಿಗೆಲ್ಲ ಅವಳು ಟೀಚರಮ್ಮ. ಕಡೆಯ ವರ್ಷಗಳಲ್ಲಿ ಅವಳಿಗೆ ಆ ಕೆಲಸ ಇರಲಿಲ್ಲ. ಯಾಕೆ ಹೋಯಿತು ಎಂಬುದನ್ನು ಹೇಳಬೇಕೆಂದೇ ಇದನ್ನು ಬರೆಯುತ್ತಿದ್ದೇನೆ. ಫ್ಲೆಕ್ಸ್ ನೋಡಿದವರು ಅವಳನ್ನು ಬೇರೆ ಯಾರೋ ಅಂದುಕೊಂಡಾರು.

ನಾನು ಕೆಲಸಕ್ಕೆ ಸೇರಿದ ದಿನ ಅವಳು ಕೈಯಲ್ಲಿ ಕಡ್ಡಿಪೊರಕೆ ಹಿಡಿದು ಒಬ್ಬ ಗಂಡಸನ್ನು ಅಟ್ಟಿಸಿಕೊಂಡು ಹೋಗುತ್ತಿದ್ದಳು. ಅಂಗನವಾಡಿಯ ಗೋಡೆಗೆ ಉಚ್ಚೆ ಹುಯ್ದಿದ್ದನಂತೆ. ಅವನು ಪ್ಯಾಂಟು ಹಿಡಿದುಕೊಂಡು ಓಡುತ್ತಿದ್ದ, ಇವಳು ಹಿಂದಿನಿಂದ ತಮಿಳು, ತೆಲುಗು, ಕನ್ನಡ ಮೂರರಲ್ಲೂ ಅವನ ವಂಶವನ್ನು ಜಾಲಾಡುತ್ತಿದ್ದಳು. ವಾಪಸು ಬಂದು, ಏದುಸಿರು ಬಿಡುತ್ತಾ, ಅಳುತ್ತಿದ್ದ ಒಂದು ಮಗುವನ್ನು ಎತ್ತಿಕೊಂಡು ಅದರ ಕಿವಿಯಲ್ಲಿ ಗುಬ್ಬಚ್ಚಿಗೆ ಹೇಳುವ ಹಾಗೆ ಏನೋ ಪಿಸುಗುಟ್ಟಿದಳು. ಮಗು ನಕ್ಕಿತು. ಇಷ್ಟು ವರ್ಷದಲ್ಲಿ ಅವಳು ಒಂದು ಮಗುವಿಗೂ ಗದರಿದ್ದನ್ನು ನಾನು ಕೇಳಲಿಲ್ಲ. ಹೊಡೆತ, ಬೈಗುಳ, ಉಗಿತ ಎಲ್ಲವೂ ದೊಡ್ಡವರಿಗೆ ಮೀಸಲು.

ಗಂಡ ಎಲ್ಲಿ ಎಂದು ಒಮ್ಮೆ ಕೇಳಿದೆ. ಅವಳು ಬೇಳೆ ಆರಿಸುತ್ತಿದ್ದಳು, ತಲೆ ಎತ್ತಲಿಲ್ಲ. “ಇದ್ದ. ಗಣಿ ಮುಚ್ಚಿದ್ ಮ್ಯಾಕೆ ದಿನಾ ಕುಡ್ದು ಒಡೀತಿದ್ದ. ಒಂದಿನ ನಾನೂ ತಿರುಗ್ಸಿ ಒಡ್ದೆ. ಆಮ್ಯಾಕೆ ಇರ್ಲಿಲ್ಲ” ಎಂದಳು. ಸತ್ತನೋ ಓಡಿಹೋದನೋ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ಅಕ್ಷರ ಕಲಿಸುವುದರಲ್ಲಿ ಅವಳದೇ ಒಂದು ಕ್ರಮವಿತ್ತು. ಆ ಲೈನುಗಳ ಮಕ್ಕಳು ಮನೆಯಲ್ಲಿ ಆಡುವುದು ತಮಿಳು ಇಲ್ಲವೇ ತೆಲುಗು. ಕಪ್ಪು ಹಲಗೆಯ ಮೇಲೆ ಬರೆದ ಕನ್ನಡ ಅಕ್ಷರ ಮಧ್ಯಾಹ್ನದ ಊಟಕ್ಕೆ ಮೊದಲೇ ಅವರಿಗೆ ಮರೆತುಹೋಗುತ್ತಿತ್ತು. ಹಾಗಾಗಿ ವಾರಕ್ಕೊಂದು ಅಕ್ಷರ, ಆ ಅಕ್ಷರಕ್ಕೆ ಮೈಮೇಲೆ ಹಾಕಿಕೊಳ್ಳುವ ಒಂದು ವಸ್ತು. ಬ ಅಂದರೆ ಹಳೆಯ ಲಗ್ನಪತ್ರಿಕೆ ಕತ್ತರಿಸಿ ಮಾಡಿದ ಬಳೆ. ಕ ಅಂದರೆ ಕಿರೀಟ. ಟ ಅಂದರೆ ಟೋಪಿ. ರ ಬಂದಾಗ ರೆಕ್ಕೆ. ಆ ವಾರ ಲೈನಿನ ತುಂಬ ಹಕ್ಕಿಗಳು ಬಿದ್ದು ಎದ್ದು ಓಡಾಡುತ್ತಿದ್ದವು. ಪ್ರತಿಯೊಂದರ ಮೇಲೂ ದೊಡ್ಡದಾಗಿ ಆ ಅಕ್ಷರ. ಸಂಜೆ ಮಗು ಅದನ್ನು ತೊಟ್ಟುಕೊಂಡೇ ಮನೆಗೆ ಹೋಗಬೇಕು, ಮನೆಯಲ್ಲಿ ನಾಲ್ಕು ಜನ ಇದೇನು ಎಂದು ಕೇಳಬೇಕು, ಮಗು ಹೇಳಬೇಕು. “ಅಕ್ಸರ ಮನೇಗೆ ನಡ್ಕಂಡ್ ಓಗ್ಬೇಕು ಕಣೇ, ಇಲ್ಲಾಂದ್ರೆ ಇಲ್ಲೇ ಗೋಡೆ ಮ್ಯಾಲೆ ಸಾಯ್ತದೆ” ಎನ್ನುತ್ತಿದ್ದಳು.

ಮಾಡುವ ಮೊದಲು ಪ್ರತಿ ಮಗುವಿನ ಅಳತೆ ತೆಗೆದುಕೊಳ್ಳುತ್ತಿದ್ದಳು. ದರ್ಜಿಯವನ ಹಾಗೆ ಒಂದು ನೂಲು ಹಿಡಿದು ಮುಂಗೈ, ತೋಳು, ತಲೆ, ಬೆನ್ನು, ಸೊಂಟ. ಕಾಗದದ ಬಳೆಗೆ ಬೆನ್ನಿನ ಅಳತೆ ಏಕೆ? ನನಗೆ ಮೊದಮೊದಲು ನಗು. “ಅಕ್ಕಾ, ನೀನೇನು ಮದುವೆ ಬಟ್ಟೆ ಹೊಲೀತೀಯಾ?” ಎಂದು ಕಾಲೆಳೆಯುತ್ತಿದ್ದೆ. ಒಂದು ದಿನ ನನ್ನ ಕಣ್ಣೆದುರೇ ಒಬ್ಬ ಹುಡುಗನ ಅಂಗಿ ಎತ್ತಿ ಬೆನ್ನಿಗೆ ನೂಲು ಹಿಡಿದವಳು ಹಾಗೇ ನಿಂತಳು. ಬೆನ್ನಿನ ಮೇಲೆ ಬೆಲ್ಟಿನ ಬಾಸುಂಡೆ ಇತ್ತು. ಅಂಗಿ ಇಳಿಸಿ, “ನಿಂಗೆ ದೊಡ್ಡ ರೆಕ್ಕೆ ಬೇಕಲ್ಲಪ್ಪಾ ರಾಜಾ” ಎಂದು ಅವನ ಕೆನ್ನೆ ಸವರಿದಳು. ಸಂಜೆ ಬಾಗಿಲಿಗೆ ಬೀಗ ಹಾಕಿ ನೇರವಾಗಿ ಆ ಹುಡುಗನ ಮನೆಗೆ ಹೋದಳು. ಅವನ ಅಪ್ಪನ ಸೊಂಟದಿಂದ ಅದೇ ಬೆಲ್ಟು ಬಿಚ್ಚಿಸಿ ಅವನಿಗೇ ಬಾರಿಸಿದಳು ಎಂದು ಮರುದಿನ ರೈಲಿನಲ್ಲೇ ನನಗೆ ಸುದ್ದಿ ಸಿಕ್ಕಿತು. ಅಳತೆ ಯಾತಕ್ಕೆ ಎಂದು ಮತ್ತೆ ಕೇಳಲಿಲ್ಲ.

ಕಾಮಾಲೆ ಎಂದು ಮೊಮ್ಮಗಳ ಹೊಟ್ಟೆಗೆ ಬರೆ ಹಾಕಿದ್ದ ಒಬ್ಬ ಮುದುಕಿಯ ಕಥೆ ಕೇಳಿ. ಅಕ್ಕ ಮಗುವನ್ನು ಮೊದಲು ಆಸ್ಪತ್ರೆಗೆ ಸೇರಿಸಿದಳು. ವಾಪಸು ಬಂದು ನನ್ನ ಗ್ಯಾಸ್ ಒಲೆಯ ಮೇಲೆ ಸೌಟನ್ನು ಕೆಂಪಗೆ ಕಾಯಿಸಿ, ಬಟ್ಟೆ ಸುತ್ತಿ ಹಿಡಿದುಕೊಂಡು ಹೊರಟಳು. “ಬಾರವ್ವಾ, ನಿನ್ ಕಣ್ಣೂ ಅಳದಿ ಆಗೈತೆ, ನಾನು ವಾಸಿ ಮಾಡ್ತೀನಿ!” ಮುದುಕಿ ನಂದಿದುರ್ಗ ಗಣಿಯ ಕಡೆಗೆ ಓಡಿದ ಓಟವನ್ನು ಆ ಲೈನಿನವರು ಈಗಲೂ ಹೇಳಿ ನಗುತ್ತಾರೆ. ಸೌಟು ಸುಡಲಿಲ್ಲ, ಅಷ್ಟರಲ್ಲಿ ಆರಿತ್ತು. ಆರಿರದಿದ್ದರೆ ಸುಡುತ್ತಿದ್ದಳು, ಅದರಲ್ಲಿ ನನಗೆ ಅನುಮಾನವಿಲ್ಲ.

ಒಮ್ಮೆ ತಪ್ಪಾಯಿತು. ಒಬ್ಬ ಹುಡುಗಿಯ ತೋಳು ಊದಿಕೊಂಡಿದ್ದನ್ನು ನೋಡಿ ಅವಳ ಸೋದರಮಾವನಿಗೆ, ಪಾಪ ಟೀ ಅಂಗಡಿ ಇಟ್ಟುಕೊಂಡಿದ್ದ ಸಾಧು ಮನುಷ್ಯ, ಚಪ್ಪಲಿಯಲ್ಲಿ ಬಿಟ್ಟಳು. ಮಗು ಬಿದ್ದದ್ದು ಸಿಮೆಂಟು ಪೈಪಿನ ಮೇಲಿಂದ ಎಂದು ಆಮೇಲೆ ತಿಳಿಯಿತು. ಮರುದಿನ ಬೆಳಿಗ್ಗೆ ಅವನ ಅಂಗಡಿಗೆ ಹೋಗಿ, ಗಿರಾಕಿಗಳ ಎದುರು ಅದೇ ಚಪ್ಪಲಿ ಕಳಚಿ ಅವನ ಕೈಗೆ ಕೊಟ್ಟಳು. “ಒಡಿಯಣ್ಣಾ.” ಅವನು ಕೈ ಹಿಂದಕ್ಕೆ ಎಳೆದುಕೊಂಡ. “ಒಡಿ ಅಂದ್ನಲ್ಲ!” ಅವನು ಮೆಲ್ಲಗೆ ಭುಜಕ್ಕೆ ಮುಟ್ಟಿಸಿದ. “ಅದೇನ್ ಒಡ್ಯೋದು? ದೇವ್ರಿಗೆ ಊವ ಏರಿಸ್ತೀಯಾ? ನೆಟ್ಗೆ ಒಡಿ!” ಕೊನೆಗೆ ಅವನು ಹೆದರಿಕೆಗೇ ಕೆನ್ನೆಗೆ ಒಂದು ನಿಜವಾದ ಏಟು ಕೊಟ್ಟ. ಅಕ್ಕ ಕೆನ್ನೆ ಸವರಿಕೊಂಡು, “ಆಂ, ಸರೋಯ್ತು. ಒಂದು ಟೀ ಕೊಡು, ಸಕ್ಕರೆ ಜಾಸ್ತಿ ಆಕು” ಎಂದು ಬೆಂಚಿನ ಮೇಲೆ ಕೂತಳಂತೆ.

ಹೀಗಿದ್ದವಳು ‘ಮ’ ಅಕ್ಷರದ ಹತ್ತಿರ ಬಂದಳು.

ಮ ಎಂದರೆ ಮನೆ ಇದೆ, ಮರ ಇದೆ, ಮೀನು ಇದೆ. ಆದರೆ ಮನೆಯನ್ನು ಮೈಮೇಲೆ ಹೊತ್ತುಕೊಂಡು ಹೋಗಲಾಗುತ್ತದೆಯೇ? ಅಕ್ಕ ಮೀಸೆ ಆರಿಸಿದಳು. ತೆಂಗಿನ ನಾರಿಗೆ ಕಾಡಿಗೆ ಬಳಿದು, ರಟ್ಟಿನ ಪಟ್ಟಿಗೆ ಮೈದಾ ಅಂಟಿನಲ್ಲಿ ಅಂಟಿಸಿ, ಎರಡು ತುದಿಗೂ ದಾರ ಕಟ್ಟಿ ಕಿವಿಯ ಹಿಂದೆ ಗಂಟು ಹಾಕುವುದು. ಪಟ್ಟಿಯ ನಡುವೆ ಸುಣ್ಣದಲ್ಲಿ ‘ಮ’. ಅಯ್ಯಯ್ಯೋ, ಆ ಮಕ್ಕಳ ಸಂಭ್ರಮವೇ! ಎಲ್ಲರೂ ಸೊಂಟದ ಮೇಲೆ ಕೈ ಇಟ್ಟುಕೊಂಡು ತಿರುಗಿದರು. ಒಬ್ಬ ನಾನು ಪೊಲೀಸು ಎಂದ, ಇನ್ನೊಬ್ಬ ನಾನು ಮುನೇಶ್ವರ ಎಂದ. ಚಿನ್ನಿ ಎಂದು ನಾವು ಕರೆಯುತ್ತಿದ್ದ ಒಂದು ಪುಟ್ಟ ಹುಡುಗಿ ಮೀಸೆಯ ತುದಿ ತಿರುವುತ್ತಾ, “ನಾನು ನಮ್ಮಪ್ಪ” ಎಂದಳು. ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಚಿನ್ನಿಯ ಅಪ್ಪ ಬಂಗಾರಪೇಟೆಯ ಮಂಡಿಯಲ್ಲಿ ಮೂಟೆ ಹೊರುವವನು. ಕೆನ್ನೆಯವರೆಗೆ ತಿರುವಿದ ಮೀಸೆ ಅವನದು. ಊಟ ಬಿಟ್ಟರೂ ಅದಕ್ಕೆ ಎಣ್ಣೆ ಹಚ್ಚುವುದು ಬಿಡುತ್ತಿರಲಿಲ್ಲ. ಅಮ್ಮ ಬಾಯಿಲ್ಲದ ಹೆಂಗಸು. ಮಗುವನ್ನು ತಂದು ಬಿಡುವಾಗ, ಕರೆದೊಯ್ಯುವಾಗ ತಲೆ ತಗ್ಗಿಸಿ ನಿಲ್ಲುತ್ತಿದ್ದಳು. ನಾವೇನು ಕೇಳಿದರೂ ಹೂಂ, ಊಹೂಂ ಅಷ್ಟೇ. ಆ ವಾರ ಅಪ್ಪನೇ ಎರಡು ಬೆಳಿಗ್ಗೆ ಮಗುವನ್ನು ಬಿಡಲು ಬಂದಿದ್ದ. ಮೂಗಿನಿಂದ ಗಲ್ಲದವರೆಗೆ ಟವೆಲ್ ಸುತ್ತಿಕೊಂಡಿದ್ದ. ಅಕ್ಕ ನಿಜವಾದ ಕನಿಕರದಿಂದಲೇ, “ಅಲ್ಲು ನೋವೇನಪ್ಪಾ? ಲವಂಗ ಇಟ್ಕ” ಎಂದಿದ್ದಳು. ಅವನು ದುರುಗುಟ್ಟಿ ನೋಡಿ ಹೊರಟುಹೋಗಿದ್ದ.

ನಡೆದದ್ದು ಇದು. ಇನ್ನು ಕುಡಿದರೆ ಮೀಸೆ ಬೋಳಿಸಿಕೊಳ್ಳುತ್ತೇನೆ ಎಂದು ಅವನು ಗಂಗಮ್ಮನ ಗುಡಿಯ ಮುಂದೆ ಹೆಂಡತಿಯ ಅಣ್ಣಂದಿರಿಗೆ ಆಣೆ ಇಟ್ಟಿದ್ದನಂತೆ. ಹಾಗೆ ಆಣೆ ಇಡದ ಗಂಡಸು ನಮ್ಮ ಕಡೆ ಯಾರಿದ್ದಾನೆ! ಯಾರೂ ಮೀಸೆ ಬೋಳಿಸುವುದಿಲ್ಲ, ಅದು ಬಾಯಿಮಾತು. ಆದರೆ ಈ ಭಾವಮೈದುನರು ಬಾಯಿಮಾತಿನವರಲ್ಲ. ಆ ಭಾನುವಾರ ಅವನು ಕುಡಿದು ಸಿಕ್ಕಿಬಿದ್ದಾಗ ಬಂಗಾರಪೇಟೆಯ ಮಂಡಿಯ ಮುಂದೆಯೇ ಕೆಡವಿ, ಕೈಕಾಲು ಅದುಮಿ, ಕ್ಷೌರದವನನ್ನು ಕರೆಸಿ ಒಂದು ಕಡೆಯ ಮೀಸೆ ಬೋಳಿಸಿದರು. ಇನ್ನೊಂದು ಕಡೆಯದನ್ನು ಅವನೇ ಮನೆಗೆ ಬಂದು ಅಳುತ್ತಾ ತೆಗೆದುಕೊಂಡ. ಊರಿಗೆಲ್ಲ ಗೊತ್ತಾಗಿದ್ದ ಈ ಸಂಗತಿ ಅಕ್ಷರ ಕತ್ತರಿಸುತ್ತಾ ಕೂತಿದ್ದ ನಮ್ಮಿಬ್ಬರಿಗೆ ಮಾತ್ರ ಗೊತ್ತಾಗಲಿಲ್ಲ.

ಅಂದು ಸಂಜೆ ಚಿನ್ನಿ ಕಪ್ಪು ಮೀಸೆ ಕಟ್ಟಿಕೊಂಡು ಲೈನಿನ ಉದ್ದಕ್ಕೂ ನಡೆದುಕೊಂಡು ಹೋದಳು. ಮನೆ ಬಾಗಿಲಲ್ಲಿ ಕೂತಿದ್ದವರು ನಕ್ಕರು. ಯಾರೋ ಒಬ್ಬ, ಅವನ ನಾಲಿಗೆ ಸೇದಿಹೋಗ, “ಏನ್ಲಾ, ನಿನ್ ಮೀಸೆ ಮಗ್ಳಿಗೆ ಬಂತಾ?” ಎಂದು ಕೂಗಿದ. ಅಪ್ಪ ಎದ್ದು ಬಂದು ಮಗುವಿನ ಮುಖದಿಂದ ಆ ಮೀಸೆಯನ್ನು ಕಿತ್ತ. ದಾರ ಬಿಚ್ಚಲಿಲ್ಲ, ಹಾಗೇ ಕಿತ್ತ. ಕಿವಿಯ ಹಿಂದೆ ಚರ್ಮ ಹರಿದು ರಕ್ತ ಬಂತು. ಅಡ್ಡ ಬಂದ ಹೆಂಡತಿಯ ಹೊಟ್ಟೆಗೆ ಒದ್ದ. ಲವಂಗದ ಮಾತನ್ನೂ ಮೀಸೆಯನ್ನೂ ಸೇರಿಸಿ ಅವನು ಒಂದು ತೀರ್ಮಾನಕ್ಕೆ ಬಂದಿದ್ದ: ಟೀಚರಮ್ಮ ಬೇಕೆಂದೇ ಅವನ ಮರ್ಯಾದೆ ತೆಗೆಯಲು ಇದನ್ನು ಮಾಡಿದ್ದಾಳೆ.

ಮರುದಿನ ಬೆಳಿಗ್ಗೆ ಅವನು ಮಚ್ಚು ಹಿಡಿದುಕೊಂಡು ಬಂದ. ಮಕ್ಕಳೆಲ್ಲ ಒಳಗೆ ಸಾಲಾಗಿ ಕೂತು ಪ್ರಾರ್ಥನೆ ಮುಗಿಸಿದ್ದರು. ಚಿನ್ನಿಯೂ ಇದ್ದಳು, ಅಮ್ಮ ಅವಳನ್ನು ಬೇಗ ತಂದು ಬಿಟ್ಟು ಹೋಗಿದ್ದಳು. ಕಿವಿಯ ಗಾಯಕ್ಕೆ ಅಕ್ಕ ಆಗಷ್ಟೇ ಅರಿಸಿನ ಹಚ್ಚಿದ್ದಳು. “ಎಲ್ಲೇ ಅವ್ಳು ಲೌಡಿ? ನನ್ ಮಗೂನ ಕಳ್ಸೇ!” ಎಂಬ ಕೂಗು ಕೇಳಿದ ಕೂಡಲೇ ಅಕ್ಕ ಬಾಗಿಲಿಗೆ ಹೋಗಿ ಅಡ್ಡ ನಿಂತಳು. ಬಾಗಿಲು ಹಾಕಬಹುದಿತ್ತು, ಆದರೆ ಆ ಬಾಗಿಲಿಗೆ ಒಳಗಿನಿಂದ ಚಿಲಕವೇ ಇರಲಿಲ್ಲ. ಕೈಗೆ ಸಿಕ್ಕಿದ್ದು ಮಕ್ಕಳ ಕಪ್ಪು ಹಲಗೆ. ಅದನ್ನೇ ಎದೆಗೆ ಅಡ್ಡ ಹಿಡಿದಳು.

“ಕುಡ್ದು ಬಂದವನ ಕೈಗೆ ಮಗೂನ ಕೊಡಲ್ಲ. ಓಗ್ಲಾ ಮನೇಗೆ” ಎಂದಳು.

ಮೊದಲ ಏಟು ಹಲಗೆಗೆ ಬಿತ್ತು, ಹಲಗೆ ಸೀಳಿತು. ಎರಡನೆಯದು ಅವಳ ಬಲಗೈಗೆ. ಕಿರುಬೆರಳು ಪೂರ್ತಿ, ಪಕ್ಕದ್ದು ಅರ್ಧ. ನೆಲದ ಮೇಲೆ ಬಿದ್ದದ್ದನ್ನು ನಾನು ನೋಡಿದೆ, ಇಂದಿಗೂ ನೋಡುತ್ತೇನೆ. ಮಕ್ಕಳು ಕಿರುಚುತ್ತಿದ್ದರು. ಅವನು ಮತ್ತೆ ಕೈ ಎತ್ತಿದ. ಒಲೆಯ ಮೇಲೆ ಕುದಿಯುತ್ತಿದ್ದ ಸಾರಿನ ಪಾತ್ರೆಯನ್ನು ಹೇಗೆ ಎತ್ತಿದೆನೋ ನನಗೆ ಗೊತ್ತಿಲ್ಲ. ಪೂರ್ತಿ ಅವನ ತೊಡೆಯಿಂದ ಕೆಳಕ್ಕೆ ಸುರಿದುಬಿಟ್ಟೆ. ಅವನು ಮಚ್ಚು ಬಿಟ್ಟು ಊಳಿಡುತ್ತಾ ಅಂಗಳದಲ್ಲಿ ಹೊರಳಾಡಿದ. ಅಕ್ಕ ಗೋಡೆಗೆ ಒರಗಿ ಕುಸಿದಳು, ಸೆರಗಿನಲ್ಲಿ ಕೈ ಸುತ್ತಿಕೊಂಡಿದ್ದಳು, ಸೆರಗು ತೊಟ್ಟಿಕ್ಕುತ್ತಿತ್ತು. ನನ್ನನ್ನು ನೋಡಿ ಹೇಳಿದ್ದೇನು ಗೊತ್ತೇ? “ಅಯ್ಯೋ ಮುಂಡೇದೇ, ಮಕ್ಳ ಸಾರೆಲ್ಲಾ ಚೆಲ್ಬಿಟ್ಯಲ್ಲೇ!”

ಬೆರಳು ಕೂಡಿಸಲು ಆಗಲಿಲ್ಲ. ಅವನನ್ನು ಪೊಲೀಸರು ಎಳೆದುಕೊಂಡು ಹೋದರು. ಸರಿ, ಇನ್ನು ಕೊಳೆಯಲಿ ಎಂದು ನಾನು ಅಂದುಕೊಂಡೆ. ಆದರೆ ಅವನ ಕಡೆಯ ಹಿರಿಯರು ನಾಲ್ಕು ಜನ ಆಸ್ಪತ್ರೆಗೆ ಬಂದು, ರಾಜಿ ಮಾಡಿಕೋ ತಾಯಿ, ಮೀಸೆ ವಿಷಯ ನಿನಗೆ ಗೊತ್ತಿರಲಿಲ್ಲ, ನಿನಗೆ ಗೊತ್ತಿಲ್ಲ ಎಂಬುದು ಅವನಿಗೂ ಗೊತ್ತಿರಲಿಲ್ಲ ಎಂದು ಶುರು ಮಾಡಿದರು. ಉಗಿದು ಕಳಿಸುತ್ತಾಳೆ ಎಂದು ನಾನು ಕಾಯುತ್ತಿದ್ದೆ. ಅವಳು ಒಪ್ಪಿಬಿಟ್ಟಳು! ಒಂದೇ ಷರತ್ತು: ಚಿನ್ನಿಯ ಮೈ ಅವನು ಮುಟ್ಟಬಾರದು. ದಿನಾ ಅವನೇ ಮಗುವನ್ನು ಅಂಗನವಾಡಿಗೆ ಬಿಡಬೇಕು, ದಿನಾ ಅವಳು ಅಳತೆ ನೋಡುತ್ತಾಳೆ. ಒಂದು ಗೆರೆ ಕಂಡರೂ ಅಂದೇ ಸ್ಟೇಷನ್ನಿಗೆ ಹೋಗಿ ನಿಜ ಹೇಳುತ್ತಾಳೆ. ಹಿರಿಯರು ಗಂಗಮ್ಮನ ಕುಂಕುಮ ಮುಟ್ಟಿ ಆಯಿತು ಎಂದರು. ತೆಂಗಿನಕಾಯಿ ಕೊಚ್ಚುವಾಗ ನನ್ನ ಕೈ ನಾನೇ ಕುಯ್ದುಕೊಂಡೆ ಎಂದು ಅಕ್ಕ ಹೇಳಿಕೆ ಕೊಟ್ಟಳು. ಹೌದೇ ಎಂದು ಪೊಲೀಸರು ಚಿನ್ನಿಯ ಅಮ್ಮನನ್ನು ಕೇಳಿದಾಗ ಅವಳು ಎಂದಿನ ಹಾಗೆ ತಲೆ ತಗ್ಗಿಸಿ ಹೂಂ ಎಂದಳು.

ನನಗೆ ಮೈಯೆಲ್ಲ ಉರಿದುಹೋಯಿತು. “ನಿನ್ನ ಬೆರಳಿಗೆ ಬೆಲೆ ಇಲ್ಲವಾ ಅಕ್ಕಾ? ಅವನನ್ನು ಜೈಲಿಗೆ ಹಾಕಿಸೋದು ಬಿಟ್ಟು!” ಎಂದು ಆಸ್ಪತ್ರೆಯ ವಾರ್ಡಿನಲ್ಲೇ ಕೂಗಾಡಿದೆ.

“ಜೈಲಿಗೆ ಓದ್ರೆ ಒಂದಿನ ಈಚೆ ಬತ್ತಾನಲ್ಲ? ಬಂದು ಎಲ್ಲಿಗ್ ಓಯ್ತಾನೆ? ಆ ಮನೇಗೇ. ಇನ್ನಾ ರೋಸಕ್ಕೆ ಮಗೂನ ಕೊಲ್ತಾನೆ. ಈಗ ಅವನ್ ಜುಟ್ಟು ನನ್ ಕೈಲಿರ್ತದೆ ಕಣೇ” ಎಂದಳು. ಮಾತಿನಲ್ಲಿ ಅರ್ಥವಿತ್ತು. ನಾನು ಮುಖ ತಿರುಗಿಸಿಕೊಂಡು ಕೂತೆ.

ಒಂದು ವರ್ಷ ಹಾಗೇ ನಡೆಯಿತು. ಅವನು ಬೆಳಿಗ್ಗೆ ಮಗುವನ್ನು ತಂದು ಬಾಗಿಲಲ್ಲಿ ನಿಲ್ಲುತ್ತಿದ್ದ. ಅಕ್ಕ ಉಳಿದ ಬೆರಳುಗಳಲ್ಲಿ ನೂಲು ಹಿಡಿದು ಚಿನ್ನಿಯ ತೋಳು, ಬೆನ್ನು, ಕಾಲು ನೋಡುತ್ತಿದ್ದಳು. “ಊಂ, ಓಗು” ಎನ್ನುತ್ತಿದ್ದಳು. ಅವನು ಹೋಗುತ್ತಿದ್ದ. ಒಂದು ಗೆರೆ ಕಾಣಲಿಲ್ಲ. ಚಿನ್ನಿ ಮೈ ತುಂಬಿಕೊಂಡಳು, ಅಕ್ಷರ ಕಲಿತಳು, ಸರ ಮಾಡಿದಳು, ಗಡಿಯಾರ ಕಟ್ಟಿದಳು. ಲೈನಿನವರು ಟೀಚರಮ್ಮ ಹುಲಿಗೆ ಹಗ್ಗ ಹಾಕಿದಳು ಎಂದು ಮಾತಾಡಿಕೊಂಡರು. ನಾನೂ ಸೋತೆ. “ನೀನೇ ಸರಿ ಕಣಕ್ಕಾ” ಎಂದೆ. ಅವಳು ಏನೂ ಆಗಿಲ್ಲವೆಂಬಂತೆ ಮೂಗು ಮುರಿದಳು, ಆದರೆ ಒಳಗೊಳಗೇ ಬೀಗಿದ್ದು ನನಗೆ ಕಂಡಿತು.

ಚಿನ್ನಿ ಒಂದನೇ ಕ್ಲಾಸಿಗೆ ಹೋಗುವ ಹೊತ್ತು ಬಂತು. ಅಂಗನವಾಡಿಯ ಕಡೆಯ ದಿನ ಅಮ್ಮ ಒಂದು ಮೊಳ ಕನಕಾಂಬರ ಹಿಡಿದುಕೊಂಡು ಬಂದಳು. ಅಪ್ಪ ಹೊರಗೆ ಗೇಟಿನ ಹತ್ತಿರ ಟಿವಿಎಸ್ ಮೇಲೆ ಕೂತಿದ್ದ. ಅಮ್ಮ ಅಕ್ಕನ ಹಿಂದೆ ನಿಂತು ಜಡೆಗೆ ಹೂವು ಮುಡಿಸಲು ಕೈ ಎತ್ತಿದಳು. ಕೈ ಎದೆಯವರೆಗೆ ಬಂತು, ಅಲ್ಲಿಂದ ಮೇಲೆ ಹೋಗಲಿಲ್ಲ. ಇನ್ನೊಮ್ಮೆ ಎತ್ತಿದಳು. ತುಟಿ ಕಚ್ಚಿಕೊಂಡು ಹೂವನ್ನು ನನ್ನ ಕಡೆ ಚಾಚಿ, “ನೀನೇ ಮುಡ್ಸಕ್ಕಾ” ಎಂದಳು.

ಅಕ್ಕ ಗಕ್ಕನೆ ತಿರುಗಿದಳು. ಅವಳ ರವಿಕೆಯ ತೋಳು ಮೇಲಕ್ಕೆ ಸರಿಸಿದಳು. ಭುಜದಿಂದ ಮೊಣಕೈವರೆಗೆ ಕಪ್ಪು, ಹಸಿರು, ಹಳದಿ. ಹಳೆಯದರ ಮೇಲೆ ಹೊಸದು, ಹೊಸದರ ಮೇಲೆ ಇನ್ನೂ ಹೊಸದು. ಮೂಳೆ ಎಂದೋ ಮುರಿದು ಸೊಟ್ಟಗೆ ಕೂಡಿಕೊಂಡಿತ್ತು.

“ಇದೇನೇ? ಯಾವಾಗಿಂದ?” ಎಂದಳು ಅಕ್ಕ.

“ಮಗೂನ ಮುಟ್ಟಂಗಿಲ್ಲ ಅಂತ ನೀವೇ ಮಾತು ತಗಂಡ್ರಲ್ಲ ಟೀಚರಮ್ಮಾ” ಎಂದಳು ಆ ತಾಯಿ. ದೂರುವ ಮಾತೇ ಅಲ್ಲ ಅದು, ಉಪಕಾರ ನೆನೆಸುವ ಮಾತು. “ಮಾತು ತಪ್ಪಿಲ್ಲ ಅವ್ರು. ಅದ್ರುದ್ದೂ ನಂಗೇ ಸೇರ್ಸಿ ಕೊಡ್ತಾರೆ, ಅಷ್ಟೇಯ.”

ಅಕ್ಕನಿಗೆ ಬೈಗುಳ ಬರಲಿಲ್ಲ. ಮೂರು ಭಾಷೆಯಲ್ಲಿ ಒಂದರಲ್ಲೂ ಬರಲಿಲ್ಲ. ಒಲೆಯ ಪಕ್ಕದಲ್ಲಿದ್ದ, ಮುದ್ದೆ ತೊಳಸುವ ಕೋಲನ್ನು ತೆಗೆದುಕೊಂಡು ಗೇಟಿಗೆ ನಡೆದಳು. ನಾನು ಮಕ್ಕಳನ್ನು ಒಳಗೆ ಕೂಡಿ ಹೊರಗೆ ಬರುವಷ್ಟರಲ್ಲಿ ಅವನು ಗಾಡಿಯ ಸಮೇತ ಬಿದ್ದಿದ್ದ. ಅವಳು ಅವನ ತಲೆಗೆ ಹೊಡೆಯಲಿಲ್ಲ, ಬೆನ್ನಿಗೆ ಹೊಡೆಯಲಿಲ್ಲ. ಅವನ ಬಲತೋಳಿನ ಮೇಲೆ, ಭುಜದಿಂದ ಮೊಣಕೈವರೆಗೆ, ಬಟ್ಟೆ ಒಗೆಯುವವರು ಹೊಡೆಯುವ ಹಾಗೆ ಹೊಡೆಯುತ್ತಿದ್ದಳು. ಮೂಳೆ ಮುರಿದ ಸದ್ದು ನನಗೆ ಕೇಳಿತು. ಆಮೇಲೂ ನಿಲ್ಲಿಸಲಿಲ್ಲ. ಓಡಿಬಂದ ನಾಲ್ಕು ಜನ ಗಂಡಸರು ಅವಳನ್ನು ಹಿಡಿದೆಳೆಯಬೇಕಾಯಿತು. ಅಂದು ಸಂಜೆ ತಾಯಿ, ಮಗು ಇಬ್ಬರನ್ನೂ ತನ್ನ ಮನೆಗೆ ಕರೆದುಕೊಂಡು ಹೋದಳು.

ಈ ಸಲ ಕೇಸು ಬಿದ್ದದ್ದು ಅವಳ ಮೇಲೆ. ಹಿರಿಯರು ಮತ್ತೆ ಬಂದರು. “ಅವ್ನ ಎಂಡ್ರನ್ನ ಮನೇಗ್ ಕಳ್ಸು ತಾಯಿ, ಅವ್ನು ಕೇಸು ವಾಪಸ್ ತಗಂತಾನೆ, ನಿನ್ ಕೆಲ್ಸ ಉಳೀತದೆ” ಎಂದರು.

“ರಾಜಿ ಮಾಡಿದ್ದೇ ನಾನ್ ಮಾಡಿದ್ ಪಾಪ. ನಂಗೆ ನೇಣಾದ್ರೂ ಸರಿ, ಅವ್ಳು ಆ ಮನೇಗ್ ಓಗಲ್ಲ” ಎಂದು ಅವರ ಮುಖದ ಮೇಲೆ ಬಾಗಿಲು ಹಾಕಿದಳು.

ಕೆಜಿಎಫ್ ಕೋರ್ಟಿನಲ್ಲಿ ವಿಚಾರಣೆ ಬಂದ ದಿನ ಚಿನ್ನಿಯ ಅಮ್ಮನನ್ನು ಸಾಕ್ಷಿ ಹೇಳಲು ಕರೆದರು. ಅಕ್ಕನ ವಕೀಲರು ಅವಳಿಗೆ ಹಿಂದಿನ ದಿನವೇ ಪಾಠ ಮಾಡಿದ್ದರು: ನಾನು ಒಳಗಿದ್ದೆ, ಏನೂ ನೋಡಲಿಲ್ಲ ಎಂದರೆ ಸಾಕು, ಟೀಚರಮ್ಮ ಉಳಿದುಕೊಳ್ಳುತ್ತಾಳೆ. ಅವಳು ಎಂದಿನ ಹಾಗೆ ಹೂಂ ಎಂದಿದ್ದಳು. ಕಟಕಟೆಯಲ್ಲಿ ತಲೆ ತಗ್ಗಿಸಿ ನಿಂತಳು. ಸರ್ಕಾರದ ಕಡೆಯ ವಕೀಲರು, ನಿನ್ನ ಗಂಡನನ್ನು ಈಕೆ ಹೊಡೆದದ್ದನ್ನು ನೋಡಿದೆಯಾ ಎಂದು ಕೇಳಿದರು.

“ನೋಡ್ದೆ ಸ್ವಾಮಿ. ಒಡುದ್ರು” ಎಂದಳು.

ಅಕ್ಕನ ವಕೀಲರು ಹಣೆ ಹಿಡಿದುಕೊಂಡರು. ಇನ್ನು ಹೋಗಬಹುದು ಎಂದರು ಸರ್ಕಾರದ ವಕೀಲರು. ಅವಳು ಅಲ್ಲಾಡಲಿಲ್ಲ. ಹೋಗಮ್ಮ, ಮುಗಿಯಿತು ಎಂದರು. ಅವಳು ಎರಡೂ ಕೈಯಿಂದ ಕಟಕಟೆಯ ಮರ ಹಿಡಿದುಕೊಂಡು ತಲೆ ಎತ್ತಿದಳು.

“ಯಾಕೆ ಒಡುದ್ರು ಅಂತ ಕೇಳ್ರಿ” ಎಂದಳು. ಯಾರೂ ಕೇಳಲಿಲ್ಲ. “ಯಾಕೆ ಅಂತ ಒಬ್ರಾದ್ರೂ ಕೇಳ್ರಿ ಸ್ವಾಮಿ! ಇಷ್ಟ್ ವರ್ಸದಾಗೆ ಯಾರೂ ಕೇಳಿಲ್ಲ!”

ಜಡ್ಜಮ್ಮ ಪೆನ್ನು ಕೆಳಗಿಟ್ಟು, “ಹೇಳಮ್ಮಾ, ಯಾಕೆ?” ಎಂದರು. ಅವಳು ಹೇಳಿದಳು. ತೋಳು ತೋರಿಸಿ ಹೇಳಿದಳು. ಮೀಸೆಯಿಂದ ಹಿಡಿದು ಎಲ್ಲವನ್ನೂ ಹೇಳಿದಳು. ಟೀಚರಮ್ಮನ ಬೆರಳು ತೆಂಗಿನಕಾಯಿ ಕೊಚ್ಚುವಾಗ ಹೋದದ್ದಲ್ಲ, ನಾವೆಲ್ಲ ಅಂದು ಸುಳ್ಳು ಹೇಳಿದ್ದೆವು ಎಂದೂ ಹೇಳಿದಳು. ಕೊನೆಗೆ, “ಇನ್ನಾ ನಾಕು ಬಿಡ್ಬೇಕಾಗಿತ್ತು. ಜನ ಬಂದು ಇಡ್ಕಂಡ್ಬಿಟ್ರು” ಎಂದು ಇಳಿದು ಬಂದಳು.

ಜಡ್ಜಮ್ಮ ಅವನ ಮೇಲೆ ಹೊಸದಾಗಿ ಕೇಸು ದಾಖಲಿಸಲು ಹೇಳಿದರು. ಅಕ್ಕನ ತಪ್ಪು ಸಾಕ್ಷಿಯ ಬಾಯಿಂದಲೇ ಸಾಬೀತಾಗಿತ್ತು, ಕೆಲಸ ಉಳಿಯುವ ದಾರಿ ಇರಲಿಲ್ಲ. ಗೇಟಿನ ಹೊರಗೆ ಬಂದ ಮೇಲೆ ನನಗೆ ತಡೆಯಲಾಗಲಿಲ್ಲ. “ನೋಡಿಲ್ಲ ಅಂದಿದ್ರೆ ಮುಗೀತಿತ್ತಲ್ಲಕ್ಕಾ! ಅವಳ ಬಾಯಿಂದಲೇ ನಿನ್ನ ಕೆಲಸ ಹೋಯಿತಲ್ಲ!” ಎಂದೆ.

“ಓಗ್ಲಿ ಬಿಡೇ” ಎಂದಳು. ಅವಳ ಮುಖ ಕೆಂಪಗಾಗಿತ್ತು. “ಅವ್ಳ ಗಂಟ್ಲು ಕೇಳಿದ್ಯಾ? ಎಂಗ್ ಕೂಗಿದ್ಲು ನೋಡ್ದಾ? ಅಷ್ಟು ಗಂಟ್ಲು ಎಲ್ಲಿಕ್ಕಂಡಿದ್ಲೇ ಇಷ್ಟ್ ದಿನ!” ಎಂದವಳೇ ರಸ್ತೆಯ ಬದಿಯಲ್ಲಿ ಕುಕ್ಕರಿಸಿ, ಹೋಗುವ ಬರುವ ಜನರೆಲ್ಲ ನಿಂತು ನೋಡುವಂತೆ, ಹೋ ಎಂದು ಅಳಲು ಶುರು ಮಾಡಿದಳು. ಸಮಾಧಾನ ಮಾಡೋಣವೆಂದು ನಾನು ಬಗ್ಗಿ ಭುಜ ಹಿಡಿದರೆ, ಉಳಿದ ಬೆರಳುಗಳ ಆ ಕೈಯಿಂದಲೇ ನನ್ನ ಬೆನ್ನಿಗೆ ಧಡ್ ಎಂದು ಒಂದು ಬಿಟ್ಟಳು.

“ಅಳಕ್ ಬಿಡೇ ನನ್ನ!” ಎಂದಳು.